ಬೀಗದಕೈ ಯಾರ ಜೇಬಿನಲ್ಲಿ?

ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಬರುವವರಿಗೆ ಕಳ್ಳಂಬೆಳ್ಳ ಎಂದರೆ ಕೆರೆ. ರಾಜಕಾರಣಿಗಳಿಗೆ ಅದು 2008ರ ಕ್ಷೇತ್ರ ವಿಂಗಡಣೆಯಲ್ಲಿ ಅಳಿಸಿಹೋದ ವಿಧಾನಸಭಾ ಕ್ಷೇತ್ರ. ಈ ಹೋಬಳಿಯ ಬಡವರು ಕೂಲಿ ಅರಸಿ ಶಿರಾ ಪೇಟೆಗೋ, ತುಮಕೂರಿಗೋ, ಬೆಂಗಳೂರಿನ ಗೋರಿಪಾಳ್ಯದಂಥ ಮೊಹಲ್ಲಾಕ್ಕೋ ಹೋಗುತ್ತಾರೆ. ಹಳ್ಳಿಯಲ್ಲಿ ಬಿಟ್ಟುಬಂದದ್ದೊಂದು ಗಲ್ಲಿಯಲ್ಲೂ ಅವರಿಗೆ ಎದುರಾಗುತ್ತದೆ: ಬೀಗ ಹಾಕಿದ ಸಮುದಾಯ ಭವನ.

ಶಾಸಕರ ನಿಧಿ, ಸಂಸದರ ನಿಧಿ, ಅಲ್ಪಸಂಖ್ಯಾತರ ಇಲಾಖೆಯ ಅನುದಾನ, ಯಾವುದರಿಂದ ಕಟ್ಟಿದರೂ ಇದು ಕೊನೆಗೆ ಮದುವೆ ಮನೆಯೇ ಆಗುತ್ತದೆ. ಗೋಡೆಯ ಕಲ್ಲಿನಲ್ಲಿ ಅತಿಥಿಗಳ ಹೆಸರು, ಒಳಗೆ ಪ್ಲಾಸ್ಟಿಕ್ ಕುರ್ಚಿ, ಅಡುಗೆಯ ಡೇಗು. ರಂಜಾನ್‌ನಲ್ಲಿ ನಮ್ಮ ಶಾದಿ ಮಹಲಿಗೆ ಬೀಗ, ಆಷಾಢದಲ್ಲಿ ಅವರ ಕಲ್ಯಾಣ ಮಂಟಪಕ್ಕೆ ಬೀಗ. ಈ ಒಂದು ವಿಷಯದಲ್ಲಾದರೂ ನಾಡಿನಲ್ಲಿ ಸೌಹಾರ್ದ ಉಳಿದಿದೆ!

ಅದೇ ಗೋಡೆಯ ಆಚೆ ಒಂದೇ ಕೋಣೆಯ ಮನೆಗಳಿವೆ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ಬೀಡಿಯ ಮೊರ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಪುಸ್ತಕ ಎಲ್ಲಿ ಬಿಚ್ಚಬೇಕು? ಗಂಡಸರಿಗೆ ಮಸೀದಿಯ ಜಗಲಿ ಇದೆ, ಚಹಾದಂಗಡಿಯ ಬೆಂಚಿದೆ. ಅವಳಿಗೂ ಅವಳ ಅಮ್ಮಿಗೂ ಏನಿದೆ? ಹುಡುಗಿ ಫೇಲಾದಾಗ ಮಾತ್ರ ‘ನಮ್ಮ ಕೌಮಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ’ ಎಂದು ವೇದಿಕೆಯ ಮೇಲೆ ಮರುಗುತ್ತೇವೆ. ಆ ವೇದಿಕೆಯೂ ಹೆಚ್ಚಾಗಿ ಅದೇ ಭವನದ್ದೇ.

ಬೇರೆ ದಾರಿ ಇಲ್ಲವೆಂದಲ್ಲ. 1920ರ ದಶಕದಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿ ‘ನೇಬರ್‌ಹುಡ್ ಹೌಸ್’ ತೆರೆದರು. ಮುಸ್ಲಿಮರು, ಯಹೂದಿಗಳು, ಗಿರಣಿ ಕೂಲಿಗಳು ಒತ್ತೊತ್ತಾಗಿ ಬದುಕುತ್ತಿದ್ದ ಕೇರಿ ಅದು. ಕೇರಿಯವರ ದಿನನಿತ್ಯದ ಅಗತ್ಯಕ್ಕೆ ಒದಗುವ ಮನೆಯಾಗಿತ್ತು ಅದು, ಹಬ್ಬಕ್ಕೊಮ್ಮೆ ತೆರೆಯುವ ಛತ್ರವಲ್ಲ. ಭಾರತದ ಮೊದಲ ಸಮಾಜಕಾರ್ಯ ಶಾಲೆ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, 1936ರಲ್ಲಿ ಶುರುವಾದದ್ದು ಆ ಕೇರಿಯ ಮನೆಯಲ್ಲೇ. ಅಲ್ಲಿ ಗೋಡೆಗಿಂತ ಮೊದಲು ಮನುಷ್ಯರಿದ್ದರು. ನಮ್ಮಲ್ಲಿ ಗೋಡೆ ಮಾತ್ರ ಇದೆ.

ಸರ್ಕಾರದ ತಪ್ಪೂ ಇಲ್ಲೇ. 2006ರಲ್ಲಿ ಸಾಚಾರ್ ವರದಿ ಬಂತು. 2008ರಲ್ಲಿ ಅಲ್ಪಸಂಖ್ಯಾತರು ಹೆಚ್ಚಿರುವ ಜಿಲ್ಲೆಗಳಿಗೆ ಬಹುವಲಯ ಅಭಿವೃದ್ಧಿ ಕಾರ್ಯಕ್ರಮ ಬಂತು, 2018ರಲ್ಲಿ ಅದರ ಹೆಸರು ಬದಲಾಯಿತು. ಹಣ ಸುರಿದದ್ದು ಹೆಚ್ಚಾಗಿ ಕಟ್ಟಡಗಳಿಗೆ. ಬಾಗಿಲು ತೆರೆಯುವವರ ಸಂಬಳದ ಮಾತು ಬಂದರೆ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಕಾರಣ ಗುಟ್ಟೇನಲ್ಲ: ಸಿಮೆಂಟಿನಲ್ಲಿ ಗುತ್ತಿಗೆದಾರನಿಗೆ ಲಾಭವಿದೆ, ಸಂಬಳದಲ್ಲಿ ಏನಿದೆ? ಹಾಗೆಂದು ಸಂಬಳ ಕೊಡುವುದು ಅಸಾಧ್ಯವೂ ಅಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ಗಳಾಗಿವೆ, ಅಲ್ಲಿ ಸಂಬಳದ ಮೇಲ್ವಿಚಾರಕರಿದ್ದಾರೆ. ಹಳ್ಳಿಯ ಗ್ರಂಥಾಲಯಕ್ಕೆ ಸಾಧ್ಯವಾದದ್ದು ಪೇಟೆಯ ಮೊಹಲ್ಲಾದ ಭವನಕ್ಕೆ ಏಕೆ ಸಾಧ್ಯವಿಲ್ಲ?

ಇನ್ನು ನಮ್ಮ ಕಮಿಟಿಗಳ ಹಿರಿಯರು. ‘ಬಾಡಿಗೆ ಬರದಿದ್ದರೆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಸಾಬ್?’ ಎಂದು ಕೇಳುತ್ತಾರೆ. ಬಾಡಿಗೆ ಬರಲಿ, ಯಾರು ಬೇಡವೆಂದರು? ಮದುವೆಯಿಲ್ಲದ ದಿನ ನಾಲ್ಕು ಟ್ಯೂಬ್‌ಲೈಟ್ ಉರಿದರೆ ಯಾವ ಜಮಾತೂ ದಿವಾಳಿಯಾಗುವುದಿಲ್ಲ. ಇನ್ನೊಂದು ಮಾತನ್ನು ಅವರು ದನಿ ತಗ್ಗಿಸಿ ಹೇಳುತ್ತಾರೆ: ಹೆಣ್ಣುಮಕ್ಕಳು ಅಲ್ಲಿ ಗುಂಪುಗೂಡಿದರೆ ಜನ ಏನೆಂದಾರು? ಅದೇ ಹೆಣ್ಣುಮಕ್ಕಳು ನಸುಕಿನಲ್ಲಿ ರೇಷನ್ ಅಂಗಡಿಯ ಮುಂದೆ ನಿಂತಾಗ, ಕೊಡ ಹಿಡಿದು ನಲ್ಲಿಯ ಮುಂದೆ ನಿಂತಾಗ, ಅದೇ ಭವನದಲ್ಲಿ ಮದುವೆಯ ಪಾತ್ರೆ ತೊಳೆಯುವಾಗ ಯಾರೂ ಏನೂ ಅನ್ನಲಿಲ್ಲವಲ್ಲ!

ಭವನದ ಮೇಲೆ ಇನ್ನೊಂದು ಅಂತಸ್ತು ಕಟ್ಟಲು ಅನುದಾನ ಬೇಡುವ ಅರ್ಜಿಗಳು ಮುಂದೆಯೂ ಹೋಗುತ್ತವೆ. ಅಂಥ ಅರ್ಜಿಗೆ ಸಹಿ ಹಾಕುವ ಮುನ್ನ ಮೊಹಲ್ಲಾದ ಜನ ಮೂರು ವಿಷಯ ಕೇಳಲಿ: ಕೆಳಗಿನ ಅಂತಸ್ತು ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ, ತೆರೆಯುವ ಹೆಂಗಸಿಗೆ ಸಂಬಳ ಎಷ್ಟು, ಕಮಿಟಿಯಲ್ಲಿ ಆ ಗಲ್ಲಿಯ ಹೆಂಗಸರು ಎಷ್ಟು ಮಂದಿ. ಉತ್ತರ ಬರುವವರೆಗೆ ಸಹಿ ಬೇಡ.