ನಮ್ಮ ದೂಳು ಯಾರ ಲೆಕ್ಕದಲ್ಲಿದೆ?

ಕೇಂದ್ರ ಗಣಿ ಸಚಿವಾಲಯದ ಕಾರ್ಯದರ್ಶಿಯವರಿಗೂ ಕರ್ನಾಟಕದ ಮುಖ್ಯ ಕಾರ್ಯದರ್ಶಿಯವರಿಗೂ ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸ್‌ನಿಂದ ಈ ಪತ್ರ.

ಆಷಾಢದ ಗಾಳಿ ಎದ್ದರೆ ನಮ್ಮ ಲೈನ್ ಮನೆಗಳಲ್ಲಿ ಮೊದಲು ಮುಚ್ಚುವುದು ನೀರಿನ ಬಿಂದಿಗೆಯನ್ನು. ಆಮೇಲೆ ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುತ್ತೇವೆ. ಆದರೂ ಸೈನೈಡ್ ದಿಬ್ಬದ ಪುಡಿ ಒಳಗೆ ಬಂದೇ ಬರುತ್ತದೆ. ಒಣಹಾಕಿದ ಸೀರೆ ಕೊಡವಿದರೆ ಕೆಮ್ಮು. ಅದಿರು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಅದು. 2001ರ ಫೆಬ್ರವರಿ 28ಕ್ಕೆ ಕೇಂದ್ರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ದಿಬ್ಬ ಇಲ್ಲೇ ಉಳಿಯಿತು.

ಕಳೆದ ವರ್ಷ ಈ ದೂಳಿನ ಬಗ್ಗೆ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಜಾಗ ಕಂಪನಿಯದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಇನ್ನೊಂದು ಕಚೇರಿಗೆ ಕಳಿಸಿದರು. ನನಗೆ ಬಂದ ಹಿಂಬರಹದ ಕೊನೆಯ ಸಾಲು: ‘ಅರ್ಜಿ ವಿಲೇವಾರಿಯಾಗಿದೆ.’ ಅಂದರೆ ಆ ಕಚೇರಿಯ ಪ್ರಗತಿ ವರದಿಯಲ್ಲಿ ನನ್ನ ಅರ್ಜಿ ಮುಗಿದ ಕೆಲಸ. ನಿಮ್ಮ ಸಭೆಗೆ ಬರುವ ಅಂಕಿಗಳಲ್ಲಿ ಇಂಥವು ಎಷ್ಟಿವೆಯೋ, ದಯವಿಟ್ಟು ಒಮ್ಮೆ ಬಿಡಿಸಿ ನೋಡಿ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕಿ 2012ರಲ್ಲಿ ಬಂದ ಸಕಾಲದ ಬಗ್ಗೆ ನಾನು ಹಗುರವಾಗಿ ಮಾತಾಡುವುದಿಲ್ಲ. ಜಾತಿ, ಆದಾಯ ಪತ್ರಕ್ಕೆ ಬಂಗಾರಪೇಟೆಗೆ ಅಲೆದವರಿಗೆ ಅದರ ಬೆಲೆ ಗೊತ್ತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಬಂತು. ಆದರೆ ಸಕಾಲ ಅಳೆಯುವುದು ಪಟ್ಟಿಯಲ್ಲಿರುವ ರಾಜ್ಯದ ಸೇವೆಗಳನ್ನು. ದಿಬ್ಬ ಕೇಂದ್ರದ ಕಂಪನಿಯದು.

ಇಂಥ ಕೆಲಸಕ್ಕೆ ಹೊಣೆ ಬರೆಸಿಕೊಳ್ಳುವ ದಾರಿಯನ್ನು ಬೇರೆ ದೇಶಗಳು ಹಿಡಿದಿವೆ. ಬಾಂಗ್ಲಾದೇಶ 2014-15ರಲ್ಲಿ ಸಚಿವಾಲಯಗಳಿಂದ ವಾರ್ಷಿಕ ಸಾಧನಾ ಒಪ್ಪಂದಕ್ಕೆ ಸಹಿ ಹಾಕಿಸಲು ಶುರುಮಾಡಿ, ಅದನ್ನು ಕೆಳಗಿನ ಕಚೇರಿಗಳವರೆಗೂ ಒಯ್ದಿತು. ಭೂತಾನ್‌ನಲ್ಲೂ ಪ್ರಧಾನಿ ಮತ್ತು ಸಚಿವರ ನಡುವೆ ಇಂಥ ಒಪ್ಪಂದಗಳಾಗಿವೆ. ಈ ಎರಡು ದೇಶಗಳಿಗೂ ಮೊದಲು, 2009ರಲ್ಲೇ, ನಮ್ಮ ಕೇಂದ್ರ ಸರ್ಕಾರ ಇದನ್ನು ಮಾಡಿತ್ತು. ಇಲಾಖೆಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಸುಲಭದ ಗುರಿ ಬರೆದುಕೊಂಡು ಅಂಕ ಗಿಟ್ಟಿಸುವ ಅಪಾಯ ಎಲ್ಲ ಕಡೆಯೂ ಇದೆ, ಒಪ್ಪುತ್ತೇನೆ. ಆದರೂ ಅಂಥ ಒಪ್ಪಂದದ ಹಾಳೆಯಲ್ಲಿ ಕೆಲಸದ ಎದುರಿಗೆ ಹೊಣೆ ಯಾರದು, ಗಡುವು ಯಾವಾಗ ಎಂದು ಬರೆದಿರುತ್ತದೆ. ನಮ್ಮ ದೂಳಿಗೆ ಅದೇ ಇಲ್ಲ.

ನಿಮ್ಮಿಬ್ಬರ ಸಹಿಯಿರುವ ಅಂಥದೊಂದು ಹಾಳೆ ನಮಗೆ ಬೇಕು. ದಿಬ್ಬಕ್ಕೆ ಹಸಿರು ಹೊದಿಕೆ ಯಾರು ಹೊದಿಸುತ್ತಾರೆ, ಯಾವ ತಿಂಗಳೊಳಗೆ? ಆಷಾಢದಲ್ಲಿ ಮನೆಗಳ ನಡುವೆಯೇ ಗಾಳಿಯ ದೂಳನ್ನು ಅಳೆಯುವವರು ಯಾರು? ಬೇರೆ ಕಚೇರಿಗೆ ದಾಟಿಸಿದ ಅರ್ಜಿಯನ್ನು ವಿಲೇವಾರಿ ಎಂದು ಎಣಿಸಬಾರದೆಂದೂ ಅದರಲ್ಲಿ ಬರೆಯಿರಿ. ಆ ಹಾಳೆಯನ್ನು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಅಂಟಿಸಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಜನ ಬೆಳಗಿನ ಜಾವ ರೈಲಿಗೆ ಕಾಯುತ್ತಾ ಓದಿಕೊಳ್ಳುತ್ತಾರೆ.

ಇಂತಿ,
ಮೈಸೂರು ಮೈನ್ಸ್ ಲೈನ್ ಮನೆಯ ನಿವಾಸಿ