ಟವೆಲ್ ಎಸೆದವರಿಗೆ ಕೆಸರಿನ ಅಭಿಷೇಕ

2020ರ ಫೆಬ್ರವರಿ 22ರ ರಾತ್ರಿ. ಅಮೆರಿಕದ ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್ ಸಭಾಂಗಣದಲ್ಲಿ ಡಬ್ಲ್ಯುಬಿಸಿ ಹೆವಿವೇಟ್ ಕಿರೀಟಕ್ಕಾಗಿ ಕಾದಾಟ. ನಮ್ಮಲ್ಲಿ ಆಗ ಭಾನುವಾರದ ಬೆಳಗು. ಏಳನೇ ಸುತ್ತಿನ ಹೊತ್ತಿಗೆ ಹಾಲಿ ಚಾಂಪಿಯನ್ ಡಿಯೊಂಟೆ ವೈಲ್ಡರ್ ಎರಡು ಸಲ ನೆಲಕ್ಕುರುಳಿ ಎದ್ದಿದ್ದರು. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಕಾಲುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಬ್ರಿಟನ್ನಿನ ಟೈಸನ್ ಫ್ಯೂರಿ ಅವರನ್ನು ಮೂಲೆಗೆ ಒತ್ತಿ ಗುದ್ದುತ್ತಿದ್ದಾಗ ವೈಲ್ಡರ್ ಅವರದೇ ಪಾಳೆಯದಿಂದ ಟವೆಲೊಂದು ರಿಂಗ್‌ನತ್ತ ಹಾರಿ ಬಂತು. ರೆಫರಿ ಕೆನ್ನಿ ಬೇಲೆಸ್ ಪಂದ್ಯ ನಿಲ್ಲಿಸಿದರು. ಟವೆಲ್ ಎಸೆದವರು ತರಬೇತುದಾರ ಮಾರ್ಕ್ ಬ್ರೀಲ್ಯಾಂಡ್.

ಪಂದ್ಯವೇನೋ ಅಲ್ಲಿಗೆ ಮುಗಿಯಿತು. ಜಗಳ ಮುಗಿಯಲಿಲ್ಲ.

ಅಲ್ಲಿಯವರೆಗೆ ಆಡಿದ 43 ಪಂದ್ಯಗಳಲ್ಲಿ ಒಂದನ್ನೂ ಸೋಲದ ವೈಲ್ಡರ್, ಮೊದಲು ದೂರಿದ್ದು ತಮ್ಮ ಉಡುಪನ್ನು. ರಿಂಗ್‌ಗೆ ಬರುವಾಗ ತೊಟ್ಟಿದ್ದ ಅಲಂಕಾರದ ಕವಚ 40 ಪೌಂಡಿಗಿಂತಲೂ ಭಾರವಿತ್ತು, ಅದನ್ನು ಹೊತ್ತು ನಡೆದದ್ದರಿಂದ ಕಾಲಿನ ಕಸುವೇ ಹೋಯಿತು ಎಂದರು. ತಿಂಗಳುಗಳು ಉರುಳಿದಂತೆ ದೂರುಗಳೂ ಬೆಳೆದವು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ, ಫ್ಯೂರಿ ತಮ್ಮ ಗ್ಲೌಸ್‌ಗಳನ್ನು ತಿದ್ದಿಕೊಂಡಿದ್ದರು, ಮುಷ್ಟಿ ಗ್ಲೌಸ್‌ನೊಳಗೆ ಇರಬೇಕಾದ ಜಾಗದಲ್ಲಿ ಇರಲಿಲ್ಲ ಎಂಬ ಆಪಾದನೆ ಬಂತು. ತಾವು ಕುಡಿದ ನೀರಿನಲ್ಲಿ ಏನೋ ಬೆರೆಸಲಾಗಿತ್ತು ಎಂಬ ಮಾತೂ ಬಂತು. ರೆಫರಿಯ ಮೇಲೂ ಸಂಶಯದ ಬೆರಳು ಚಾಚಿತು. ನೀರಿನ ವಿಷಯದಲ್ಲಿ ಬೆರಳು ತೋರಿದ್ದು ಮಾತ್ರ ಬೇರಾರ ಕಡೆಗೂ ಅಲ್ಲ, ಟವೆಲ್ ಎಸೆದ ಬ್ರೀಲ್ಯಾಂಡ್ ಕಡೆಗೇ. ಅವರನ್ನು ಕೆಲಸದಿಂದ ತೆಗೆಯಲಾಯಿತು. ಬ್ರೀಲ್ಯಾಂಡ್ ಆಪಾದನೆಯನ್ನು ನಿರಾಕರಿಸಿದರು. ಇವುಗಳಲ್ಲಿ ಒಂದೂ ಇಂದಿನವರೆಗೆ ಸಾಬೀತಾಗಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆಯನ್ನು ಇಲ್ಲಿಗೆ ಅಂಟಿಸಿ ಎದ್ದುಹೋಗುವುದು ಸುಲಭ. ಆದರೆ ಬಾಕ್ಸಿಂಗ್‌ನ ಚರಿತ್ರೆ ಬಲ್ಲವರು ಹಾಗೆ ಮಾಡಲಾರರು. ಏಕೆಂದರೆ ಈ ಕ್ರೀಡೆಯಲ್ಲಿ ನೆಲ ನಿಜಕ್ಕೂ ಡೊಂಕಾಗಿದ್ದ ಪ್ರಸಂಗಗಳು ಇವೆ, ಅವುಗಳ ಬೆಲೆಯನ್ನು ಜೀವದಿಂದ ತೆತ್ತವರೂ ಇದ್ದಾರೆ.

1983ರ ಜೂನ್ 16ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಿಲ್ಲಿ ಕಾಲಿನ್ಸ್ ಎಂಬ ಅಜೇಯ ತರುಣ ಲೂಯಿಸ್ ರೆಸ್ಟೊ ಎದುರು ಸೆಣಸಿದರು. ಅಂಥ ದೊಡ್ಡ ಹೊಡೆತಗಾರರೆಂಬ ಹೆಸರೇನೂ ರೆಸ್ಟೊಗೆ ಇರಲಿಲ್ಲ. ಆದರೂ ಹತ್ತು ಸುತ್ತು ಮುಗಿಯುವಷ್ಟರಲ್ಲಿ ಕಾಲಿನ್ಸ್ ಅವರ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಪಂದ್ಯದ ನಂತರ ಕಾಲಿನ್ಸ್ ಅವರ ತಂದೆ, ತರಬೇತುದಾರರೂ ಅವರೇ, ಎದುರಾಳಿಯ ಕೈ ಕುಲುಕಲು ಹೋದರು. ಹಿಡಿದ ಕೈಗೆ ಗ್ಲೌಸ್‌ನ ಮೆತ್ತೆಯೇ ಸಿಗಲಿಲ್ಲ, ಸಿಕ್ಕಿದ್ದು ಎಲುಬು. ಅವರು ಅಲ್ಲೇ ಕೂಗಿ ಅಧಿಕಾರಿಗಳನ್ನು ಕರೆದರು. ಗ್ಲೌಸ್‌ಗಳನ್ನು ವಶಪಡಿಸಿಕೊಳ್ಳಲಾಯಿತು. ಒಳಗಿನ ಮೆತ್ತೆಯನ್ನು ತೆಗೆದುಹಾಕಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ರೆಸ್ಟೊ ಮತ್ತು ಅವರ ತರಬೇತುದಾರ ಪನಾಮಾ ಲೂಯಿಸ್ ಇಬ್ಬರಿಗೂ 1986ರಲ್ಲಿ ಜೈಲು ಶಿಕ್ಷೆಯಾಯಿತು. ಅಷ್ಟರಲ್ಲಿ ಕಾಲಿನ್ಸ್ ಇರಲಿಲ್ಲ. ದೃಷ್ಟಿ ಮಂಜಾಗಿ, ಆಟದ ಬದುಕು ಮುಗಿದುಹೋಗಿ, 1984ರ ಮಾರ್ಚ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 22 ವರ್ಷ.

ಇನ್ನೊಂದು ಪ್ರಸಂಗ 2009ರ ಜನವರಿಯದು. ಲಾಸ್ ಏಂಜಲಿಸ್‌ನಲ್ಲಿ ಶೇನ್ ಮೋಸ್ಲಿ ವಿರುದ್ಧದ ಪಂದ್ಯಕ್ಕೆ ಮುನ್ನ ಆಂಟೋನಿಯೊ ಮಾರ್ಗರೀಟೊ ಕೈಗೆ ಬಟ್ಟೆಪಟ್ಟಿ ಸುತ್ತಿಸಿಕೊಳ್ಳುತ್ತಿದ್ದರು. ಮೋಸ್ಲಿ ಅವರ ತರಬೇತುದಾರ ನಾಜಿಂ ರಿಚರ್ಡ್‌ಸನ್ ನಿಯಮದಂತೆ ಅದನ್ನು ನೋಡುತ್ತ ನಿಂತಿದ್ದರು. ಏನೋ ಸರಿಯಿಲ್ಲವೆಂದು ಅವರಿಗೆ ಅನ್ನಿಸಿತು. ಪಟ್ಟಿ ಬಿಚ್ಚಿಸಿದರು. ಗಾರೆಯಂತೆ ಗಟ್ಟಿಯಾಗುವ ವಸ್ತು ಲೇಪಿಸಿದ್ದ ತುಂಡು ಒಳಗಿನಿಂದ ಸಿಕ್ಕಿತು. ಕ್ಯಾಲಿಫೋರ್ನಿಯಾ ಆಯೋಗ ಮಾರ್ಗರೀಟೊ ಅವರ ಪರವಾನಗಿಯನ್ನು ರದ್ದುಪಡಿಸಿತು.

ಈ ಎರಡು ಪ್ರಸಂಗಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಎರಡರಲ್ಲೂ ದೂರು ಎದ್ದದ್ದು ಸ್ಥಳದಲ್ಲಿಯೇ. ದೂರು ಕೊಟ್ಟವರ ಕೈಯಲ್ಲಿ ವಸ್ತು ಇತ್ತು. ನಮ್ಮ ಮಹಾಭಾರತದಲ್ಲೂ ಅಷ್ಟೇ ತಾನೆ? ಭೀಮ ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮ ಮುರಿದು ತೊಡೆಗೆ ಹೊಡೆದಾಗ, ಬಲರಾಮ ಎಂಟು ತಿಂಗಳು ಕಾಯಲಿಲ್ಲ. ಅಲ್ಲೇ ನೇಗಿಲೆತ್ತಿ ನಿಂತ. (ಫಲಿತಾಂಶವೇನೂ ಬದಲಾಗಲಿಲ್ಲ ಎನ್ನುವುದು ಬೇರೆ ಮಾತು.)

ಕಾಲಿನ್ಸ್ ಪ್ರಕರಣದಂಥವುಗಳಿಂದ ಪಾಠ ಕಲಿತೇ ಇಂದಿನ ತಪಾಸಣಾ ವ್ಯವಸ್ಥೆ ರೂಪುಗೊಂಡಿದೆ. ಆಟಗಾರನ ಕೋಣೆಯಲ್ಲಿ ಆಯೋಗದ ಇನ್‌ಸ್ಪೆಕ್ಟರ್ ಇರುತ್ತಾರೆ. ಕೈಗೆ ಪಟ್ಟಿ ಸುತ್ತುವಾಗ ಎದುರಾಳಿಯ ಕಡೆಯವರೊಬ್ಬರು ನಿಂತು ನೋಡಬಹುದು, ಆಕ್ಷೇಪ ಎತ್ತಬಹುದು. ಸುತ್ತಿದ ಪಟ್ಟಿಯ ಮೇಲೆ ಸಹಿ ಬೀಳುತ್ತದೆ. ಹೆವಿವೇಟ್‌ನಲ್ಲಿ ಬಳಸುವ 10 ಔನ್ಸ್ ಗ್ಲೌಸ್ ತೊಡಿಸಿದ ಮೇಲೆ ದಾರದ ಗಂಟಿನ ಮೇಲೂ ಟೇಪ್ ಸುತ್ತಲಾಗುತ್ತದೆ. ಇಷ್ಟು ಕಣ್ಣುಗಳ ಎದುರು ಮುಷ್ಟಿಯನ್ನು ಮೆತ್ತೆಯಿಂದ ಹಿಂದಕ್ಕೆ ಜಾರಿಸಿಕೊಂಡು ಏಳು ಸುತ್ತು ಗುದ್ದುವುದು ಹೇಗೆ ಸಾಧ್ಯ ಎಂಬುದನ್ನು ವೈಲ್ಡರ್ ಬೆಂಬಲಿಗರು ನಿಧಾನಗತಿಯ ವಿಡಿಯೊ ತುಣುಕುಗಳಲ್ಲಿ ತೋರಿಸಲು ಹೆಣಗಿದರು. ಗ್ಲೌಸ್ ಮಡಚಿದಂತೆ ಕಾಣುವ ಒಂದು ಚೌಕಟ್ಟು ಸಾಕ್ಷ್ಯವಾಗುವುದಿಲ್ಲ. ಹೊಡೆತ ತಗಲುವ ಕ್ಷಣದಲ್ಲಿ ಯಾವ ಗ್ಲೌಸ್ ತಾನೇ ಮಡಚುವುದಿಲ್ಲ?

ವೈಲ್ಡರ್ ಅವರ ಸಂಶಯಕ್ಕೆ ಒಂದು ಹಿನ್ನೆಲೆ ಇದೆ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅವರು ನಿಜವಾಗಿ ವಂಚನೆಗೆ ಸಿಕ್ಕಿದವರು. 2016ರ ಮೇನಲ್ಲಿ ಮಾಸ್ಕೋದಲ್ಲಿ ರಷ್ಯಾದ ಅಲೆಕ್ಸಾಂಡರ್ ಪೊವೆಟ್ಕಿನ್ ಜತೆ ಪಂದ್ಯ ಗೊತ್ತಾಗಿತ್ತು. ಪೊವೆಟ್ಕಿನ್ ಅವರ ಮಾದರಿಯಲ್ಲಿ ನಿಷೇಧಿತ ಮೆಲ್ಡೋನಿಯಂ ಸಿಕ್ಕಿ ಪಂದ್ಯ ರದ್ದಾಯಿತು. ಮುಂದೆ ನ್ಯೂಯಾರ್ಕ್‌ನ ನ್ಯಾಯಾಲಯದಲ್ಲಿ ಜ್ಯೂರಿ ವೈಲ್ಡರ್ ಪರವಾಗಿಯೇ ತೀರ್ಮಾನ ನೀಡಿತು. 2017ರಲ್ಲಿ ಲೂಯಿಸ್ ಓರ್ಟಿಜ್ ಎದುರಿನ ಪಂದ್ಯವೂ ಮದ್ದಿನ ಪರೀಕ್ಷೆಯ ಕಾರಣಕ್ಕೆ ತಪ್ಪಿಹೋಯಿತು. ಫ್ಯೂರಿ ಕೂಡ ಈ ವಿಷಯದಲ್ಲಿ ಗಂಗೆಯಲ್ಲಿ ಮಿಂದು ಬಂದವರಲ್ಲ. 2015ರ ಫೆಬ್ರವರಿಯ ಮಾದರಿಯಲ್ಲಿ ನ್ಯಾಂಡ್ರೋಲೋನ್ ಅಂಶ ಕಂಡುಬಂದು, ಹಿಂದಿನ ದಿನಾಂಕದಿಂದ ಅನ್ವಯವಾಗುವ ಎರಡು ವರ್ಷಗಳ ನಿಷೇಧಕ್ಕೆ 2017ರಲ್ಲಿ ಒಪ್ಪಿದವರು. ಕಾಡುಹಂದಿಯ ಮಾಂಸ ತಿಂದದ್ದೇ ಕಾರಣ ಎಂಬುದು ಅವರ ಸಮಜಾಯಿಷಿ. ನಂಬುವವರು ನಂಬಬಹುದು. ಮೂರರಲ್ಲೂ ಪ್ರಯೋಗಾಲಯದ ಕಾಗದವಿತ್ತು. ಗ್ಲೌಸ್ ಮತ್ತು ನೀರಿನ ಕಥೆಯಲ್ಲಿ ಇಲ್ಲದ್ದು ಅದೇ.

ವಿಚಿತ್ರವೆಂದರೆ, ಆ ರಾತ್ರಿ ರಿಂಗ್‌ನಲ್ಲಿ ಎಲ್ಲರ ಕಣ್ಣೆದುರೇ ಫೌಲ್‌ಗಳು ನಡೆದಿದ್ದವು. ಹಿಡಿದುಕೊಂಡದ್ದಕ್ಕೆ ಐದನೇ ಸುತ್ತಿನಲ್ಲಿ ಬೇಲೆಸ್ ಫ್ಯೂರಿ ಅವರ ಒಂದು ಅಂಕ ಕಳೆದರು. 273 ಪೌಂಡ್ ತೂಗುತ್ತಿದ್ದ ಫ್ಯೂರಿ, 231 ಪೌಂಡಿನ ಎದುರಾಳಿಯ ಹೆಗಲ ಮೇಲೆ ಮತ್ತೆ ಮತ್ತೆ ಮೈಭಾರ ಬಿಟ್ಟು ಸುಸ್ತುಗೊಳಿಸಿದರು. ಅಪ್ಪುಗೆಯ ಗೊಂದಲದಲ್ಲಿ ಕೆಲವು ಏಟು ತಲೆಯ ಹಿಂಬದಿಗೆ ಜಾರಿದವು ಎಂದು ವೈಲ್ಡರ್ ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. ಚರ್ಚೆಯಾಗಬೇಕಾದದ್ದು ಇದು. ತಲೆಯ ಹಿಂಬದಿಯ ಹೊಡೆತ ಎಷ್ಟು ಅಪಾಯಕಾರಿ ಎಂಬುದಕ್ಕೆ 2015ರ ಅಕ್ಟೋಬರ್‌ನಲ್ಲಿ ವರ್ಜೀನಿಯಾದಲ್ಲಿ ಆಡಿದ ಪ್ರಿಚರ್ಡ್ ಕೊಲೊನ್ ಸಾಕ್ಷಿ. ಅಂಥ ಏಟುಗಳ ಬಗ್ಗೆ ಪಂದ್ಯದ ನಡುವೆಯೇ ದೂರಿದರೂ ಆಟ ಮುಂದುವರಿಯಿತು. ಅಂದು ರಾತ್ರಿಯೇ ಮಿದುಳಿನ ರಕ್ತಸ್ರಾವದಿಂದ ಕುಸಿದರು. ತಿಂಗಳುಗಟ್ಟಲೆ ಕೋಮಾದಲ್ಲಿದ್ದರು.

ದೂರಿಗೆ ಕಿವಿಗೊಡದಿದ್ದಾಗ ಆಟಗಾರ ತಾನೇ ನ್ಯಾಯ ತೀರಿಸಲು ಹೊರಟರೆ ಏನಾಗುತ್ತದೆ ಎಂಬುದು 1997ರ ಜೂನ್ 28ರಂದು ಕಂಡಿತು. ಇವಾಂಡರ್ ಹೋಲಿಫೀಲ್ಡ್ ತಲೆಯಿಂದ ಢಿಕ್ಕಿ ಹೊಡೆಯುತ್ತಾರೆ ಎಂಬುದು ಮೈಕ್ ಟೈಸನ್ ಪಾಳೆಯದ ಹಳೆಯ ದೂರು. ಅಂದೂ ಎರಡನೇ ಸುತ್ತಿನಲ್ಲಿ ಢಿಕ್ಕಿಯಿಂದ ಟೈಸನ್ ಅವರ ಕಣ್ಣಿನ ಮೇಲೆ ಗಾಯವಾಯಿತು. ಆಕಸ್ಮಿಕ ಎಂದರು ರೆಫರಿ ಮಿಲ್ಸ್ ಲೇನ್. ಮೂರನೇ ಸುತ್ತಿನಲ್ಲಿ ಟೈಸನ್ ಹೋಲಿಫೀಲ್ಡ್ ಕಿವಿಯ ಚೂರನ್ನೇ ಕಚ್ಚಿ ತೆಗೆದರು. ಎರಡು ಅಂಕ ಕಳೆದು ಆಟ ಮುಂದುವರಿಸಿದರೆ, ಇನ್ನೊಂದು ಕಿವಿಗೂ ಬಾಯಿ ಹಾಕಿದರು. ಪರಿಣಾಮ: ಅನರ್ಹತೆ, 30 ಲಕ್ಷ ಡಾಲರ್ ದಂಡ, ಪರವಾನಗಿ ರದ್ದು. ಢಿಕ್ಕಿಯ ದೂರಿನಲ್ಲಿ ಹುರುಳಿತ್ತೋ ಇಲ್ಲವೋ, ಆಮೇಲೆ ಅದನ್ನು ಕೇಳುವವರೇ ಇಲ್ಲವಾದರು.

ಮತ್ತೆ ಬ್ರೀಲ್ಯಾಂಡ್ ಅವರ ಟವೆಲಿಗೆ ಬರೋಣ. ಅವರೇನು ಸಾಮಾನ್ಯರಲ್ಲ. 1984ರ ಒಲಿಂಪಿಕ್ಸ್‌ನಲ್ಲಿ ವೆಲ್ಟರ್‌ವೇಟ್ ಚಿನ್ನ ಗೆದ್ದವರು, ಮುಂದೆ ವೃತ್ತಿಪರ ವಿಶ್ವ ಚಾಂಪಿಯನ್ ಆದವರು. ರಿಂಗ್‌ನಲ್ಲಿ ಹೊಡೆತ ತಿಂದು ನಿಂತವನ ಕಣ್ಣಿನಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಓದಬಲ್ಲವರು. ಟವೆಲ್ ಎಸೆಯಬಾರದಿತ್ತು ಎಂದು ಮುಖ್ಯ ತರಬೇತುದಾರ ಜೇ ಡೀಸ್ ಪಂದ್ಯದ ನಂತರ ಹೇಳಿದರು. ಸತ್ತರೂ ರಿಂಗ್‌ನಲ್ಲಿಯೇ ಸಾಯುತ್ತೇನೆ ಎಂಬ ಧಾಟಿ ವೈಲ್ಡರ್ ಅವರದು. ಅದಕ್ಕೆ ಏಳು ತಿಂಗಳ ಹಿಂದೆ, 2019ರ ಜುಲೈನಲ್ಲಿ, ಇದೇ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬಾಕ್ಸಿಂಗ್ ಲೋಕ ನೋಡಿತ್ತು. ಮೇರಿಲ್ಯಾಂಡ್‌ನಲ್ಲಿ ರಷ್ಯಾದ ಮ್ಯಾಕ್ಸಿಂ ದಾದಶೇವ್ ಹನ್ನೊಂದನೇ ಸುತ್ತಿನ ನಂತರವೂ ಆಡುತ್ತೇನೆಂದು ತಲೆಯಾಡಿಸುತ್ತಿದ್ದರು. ತರಬೇತುದಾರ ಬಡ್ಡಿ ಮೆಕ್‌ಗರ್ಟ್ ಅಂಗಲಾಚಿ, ಕೊನೆಗೆ ತಾವೇ ಪಂದ್ಯ ನಿಲ್ಲಿಸಿದರು. ಅಷ್ಟಾದರೂ ತಡವಾಗಿತ್ತು. ನಾಲ್ಕು ದಿನಗಳಲ್ಲಿ ದಾದಶೇವ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅದೇ ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ ನಾಕೌಟ್ ಆದ ಪ್ಯಾಟ್ರಿಕ್ ಡೇ ಕೂಡ ಬದುಕಲಿಲ್ಲ.

ಟವೆಲ್ ಕೈಯಲ್ಲಿ ಹಿಡಿದು ನಿಂತವನ ಮುಂದಿರುವ ಲೆಕ್ಕ ಇದು. ಬೇಗ ಎಸೆದರೆ ಹೇಡಿ, ತಡವಾದರೆ ಕೊಲೆಗಡುಕ. ಬ್ರೀಲ್ಯಾಂಡ್‌ಗೆ ಸಿಕ್ಕಿದ್ದು ಇವೆರಡೂ ಅಲ್ಲದ ಮೂರನೆಯ ಬಿರುದು: ದ್ರೋಹಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಫ್ಯೂರಿ ಈ ಆಪಾದನೆಗಳಿಂದ ಕಳೆದುಕೊಂಡದ್ದು ಏನೂ ಇಲ್ಲ, ಪ್ರಚಾರವೇ ಸಿಕ್ಕಿತು. ಬೇಲೆಸ್ ಅವರ ತೀರ್ಪು ದಾಖಲೆಯಲ್ಲಿ ಹಾಗೆಯೇ ಉಳಿಯಿತು. ನೌಕರಿ ಹೋದದ್ದು ಒಬ್ಬರದೇ. ನಾಳೆ ಇನ್ನೊಬ್ಬ ಸಹಾಯಕ, ಇನ್ನೊಂದು ಮೂಲೆಯಲ್ಲಿ, ಟವೆಲ್ ಹಿಡಿದು ಅನುಮಾನಿಸುವ ಆ ಹತ್ತು ಸೆಕೆಂಡುಗಳಲ್ಲಿ ಬ್ರೀಲ್ಯಾಂಡ್ ಅವರ ನೌಕರಿ ನೆನಪಾಗದೇ ಇದ್ದೀತೇ?

ಮೂರನೇ ಪಂದ್ಯ ನಡೆದದ್ದೂ ಮೋಸದ ಆಪಾದನೆ ರುಜುವಾತಾಗಿ ಅಲ್ಲ, ಒಪ್ಪಂದದ ಷರತ್ತಿನ ಬಲದಿಂದ. ಆಂಟನಿ ಜೋಶುವಾ ಜತೆ ಸೌದಿ ಅರೇಬಿಯಾದಲ್ಲಿ ಆಡುವುದಾಗಿ ಫ್ಯೂರಿ 2021ರ ಮೇ 16ರಂದು ಸಾರಿದರು. ಮರುದಿನವೇ ಮಧ್ಯಸ್ಥಗಾರರಾಗಿದ್ದ ನಿವೃತ್ತ ನ್ಯಾಯಾಧೀಶ ಡ್ಯಾನಿಯಲ್ ವೈನ್‌ಸ್ಟೈನ್ ಅವರ ಆದೇಶ ಹೊರಬಿತ್ತು: ವೈಲ್ಡರ್ ಜತೆಗಿನ ಮರುಪಂದ್ಯ ಬಾಕಿ ಇದೆ, ಮೊದಲು ಅದು ಮುಗಿಯಲಿ ಎಂದು.

2021ರ ಅಕ್ಟೋಬರ್ 9ರಂದು, ಅದೇ ಲಾಸ್ ವೇಗಾಸ್‌ನ ಟಿ-ಮೊಬೈಲ್ ಅರೇನಾದಲ್ಲಿ ಇಬ್ಬರೂ ಎದುರಾದರು. ಇತ್ತೀಚಿನ ದಶಕಗಳ ಅತ್ಯುತ್ತಮ ಹೆವಿವೇಟ್ ಪಂದ್ಯಗಳ ಸಾಲಿಗೆ ಅದು ನಿಸ್ಸಂಶಯವಾಗಿ ಸೇರುತ್ತದೆ. ಮೂರನೇ ಸುತ್ತಿನಲ್ಲಿ ವೈಲ್ಡರ್ ಬಿದ್ದರು. ನಾಲ್ಕನೆಯದರಲ್ಲಿ ಫ್ಯೂರಿ ಎರಡು ಸಲ ಬಿದ್ದೆದ್ದರು. ಹತ್ತರಲ್ಲಿ ವೈಲ್ಡರ್ ಮತ್ತೆ ಬಿದ್ದರು. ಹನ್ನೊಂದರಲ್ಲಿ ಹಗ್ಗದ ಬಳಿ ತಗಲಿದ ಬಲಗೈ ಏಟಿಗೆ ಮುಖ ಕೆಳಗಾಗಿ ಉರುಳಿದರು. ರೆಫರಿ ರಸೆಲ್ ಮೋರಾ ಎಣಿಸುವ ಗೋಜಿಗೂ ಹೋಗಲಿಲ್ಲ. ಪಂದ್ಯದ ನಂತರ ಫ್ಯೂರಿ ಮಾತನಾಡಿಸಲು ಬಂದಾಗ ವೈಲ್ಡರ್ ಗೌರವ ತೋರಲು ನಿರಾಕರಿಸಿದರು. ಅಂದು ಅವರ ಮೂಲೆಯಲ್ಲಿ ಹೊಸ ತರಬೇತುದಾರ ಮಾಲಿಕ್ ಸ್ಕಾಟ್ ಇದ್ದರು. ಟವೆಲ್ ಯಾರ ಕೈಯಿಂದಲೂ ಹಾರಲಿಲ್ಲ.