ಉಚಿತ ವಿದ್ಯುತ್ತಿಗೂ ಲೆಕ್ಕ ಬೇಕು

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಕಲ್ಲಿದ್ದಲಿನ ಪ್ರತಿ ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುತ್ತದೆ. 2003ರ ವಿದ್ಯುತ್ ಕಾಯ್ದೆಯಡಿ ದೊಡ್ಡ ಕೈಗಾರಿಕೆಗಳು ಬೇರೆಡೆಯಿಂದಲೂ ವಿದ್ಯುತ್ ಕೊಳ್ಳಬಹುದು. ಇಲ್ಲಿನ ರೈತನಿಗೆ ಜೆಸ್ಕಾಂ ಒಂದೇ ಗತಿ. ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ವೆಚ್ಚ ಬೊಕ್ಕಸದ್ದು. ಈ ಸಹಾಯಧನ ನ್ಯಾಯವೇ ಎಂಬುದು ನನ್ನ ಅಭಿಪ್ರಾಯ. ಆದರೆ ರಾಜ್ಯದ ಅನೇಕ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಬಳಕೆಯನ್ನು ಅಂದಾಜಿಸಿದಾಗ ಸೋರಿಕೆ, ಕಳವುಗಳೂ ರೈತನ ಹೆಸರಿನಲ್ಲೇ ಅಡಗಬಲ್ಲವು. ಮೀಟರ್ ಬಂದರೆ ಬಿಲ್ಲೂ ಬಂದೀತೆಂಬ ಅವನ ಭಯ ಸಹಜ. ಆದ್ದರಿಂದ ಸರ್ಕಾರ ಶೂನ್ಯ ದರವನ್ನು ಲಿಖಿತವಾಗಿ ಖಾತರಿಪಡಿಸಿ, ಬಳಿಕ ಮೀಟರ್ ಅಳವಡಿಸಲಿ. ಅಳೆಯದೆ ದರವನ್ನೂ ಹೊಗೆಯನ್ನೂ ತಗ್ಗಿಸಲಾಗದು.